ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟು: ಯಾವ ಹೊತ್ತು, ಯಾವ ನೀರು, ಹತ್ತಿಳಿಯುವುದು ಹೇಗೆ?

ಕಾಪಿಕಾಡ್ 6ನೇ ಅಡ್ಡರಸ್ತೆ:
ಜನವರಿಯ ಒಂದು ಭಾನುವಾರ ಮಂಗಳೂರಿನಿಂದ ಆರು ಜನ ಸೈಂಟ್ ಮೇರೀಸಿಗೆ ಹೋಗುವುದೆಂದು ಉಂಟು. ಅಮ್ಮನಿಗೆ 68 ವರ್ಷ, ಗಂಟುನೋವು. ಒಬ್ಬ ಐದು ವರ್ಷದ ಹುಡುಗ. ಇನ್ನೊಬ್ಬರಿಗೆ ಘಾಟಿಯ ಬಸ್ಸಿನಲ್ಲೇ ವಾಂತಿ ಬರುವುದು. ಎಷ್ಟು ಗಂಟೆಗೆ ಮಲ್ಪೆ ಮುಟ್ಟಬೇಕು? ಬಂದರಿನಿಂದ ಹತ್ತುವುದೋ, ಬೀಚಿನಿಂದಲೋ? ಅಲ್ಲಿ ಇಳಿಯುವಾಗ ನೀರಿಗೆ ಕಾಲಿಡಬೇಕಾ? ಮತ್ತೊಂದು, ಜ್ವಾಲಾಮುಖಿಯ ದ್ವೀಪ ಅಂತಾರಲ್ಲ, ಅದರ ಬಾಯಿ ಎಲ್ಲುಂಟು ಎಂದು ಮಕ್ಕಳು ಕೇಳಿದರೆ ಎಂತ ಹೇಳುವುದು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.

ಪಡುಗಾಳಿ:
ಮೊದಲು ಹೊತ್ತಿನ ವಿಷಯ. ಉಳಿದದ್ದೆಲ್ಲ ಅದರ ಮೇಲೆ ನಿಂತಿರುವುದು.

ಜನವರಿಯಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಗಾಳಿ ಮೂಡಿನಿಂದ, ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ದಡ ಬಿಟ್ಟು ಹೊರಗೆ ಹೋಗುವ ಗಾಳಿಗೆ ತೆರೆ ಎಬ್ಬಿಸುವಷ್ಟು ಓಟ ಸಿಗುವುದಿಲ್ಲ. ಅದಕ್ಕೇ ಬೆಳಿಗ್ಗೆ ನೀರು ಎಣ್ಣೆ ಹೊಯ್ದ ಹಾಗೆ ಇರುವುದು. ನೆಲ ಕಾದು ಹನ್ನೊಂದು, ಹನ್ನೆರಡು ಗಂಟೆ ಆಗುವಾಗ ಗಾಳಿ ತಿರುಗುತ್ತದೆ. ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ವಾಯವ್ಯದಿಂದ ಜೋರಾಗಿ ಬೀಸುತ್ತದೆ, ಗಿಡ್ಡ ಗಿಡ್ಡ ತೆರೆಗಳು ಒಂದರ ಬೆನ್ನಿಗೆ ಒಂದು ಏಳುತ್ತವೆ.

ಇಲ್ಲಿ ದಿಕ್ಕು ಗಮನಿಸಿ. ಮಲ್ಪೆ ಬಂದರಿನಿಂದ ದ್ವೀಪ ಇರುವುದೂ ವಾಯವ್ಯಕ್ಕೇ. ಮಧ್ಯಾಹ್ನ ಹೊರಟ ಬೋಟು ಗಾಳಿಗೆ ಮೂಗು ಕೊಟ್ಟೇ ಓಡಬೇಕು. ಮೂತಿ ಎದ್ದು ಬೀಳುತ್ತದೆ, ಮುಂದೆ ಕೂತವರ ಮೇಲೆ ಉಪ್ಪುನೀರು ಬೀಳುತ್ತದೆ. ವಾಪಸು ಬರುವಾಗ ತೆರೆ ಹಿಂದಿನಿಂದ ಬಂದು ಹಿಂಭಾಗವನ್ನು ಅತ್ತಿತ್ತ ತಳ್ಳುತ್ತದೆ. ನೀರು ಹಾರುವುದು ಕಡಿಮೆ, ಹೊಟ್ಟೆ ತೊಳಸುವುದು ಹೆಚ್ಚು. ಹಾಗಾಗಿ ಬೆಳಿಗ್ಗೆ ಮೊದಲ ಬೋಟಿಗೆ ಹೋಗಿ, ಗಾಳಿ ಜೋರಾಗುವ ಮೊದಲೇ ಈಚೆ ಬರುವುದು ನಿಮ್ಮ ಆರು ಜನರಿಗೆ ಸರಿ. ಎಂಟೂಕಾಲರ ಹೊತ್ತಿಗೆ ಮಲ್ಪೆಯಲ್ಲಿರಿ.

ದೂರ ಸುಮಾರು 6 ಕಿ.ಮೀ. ಅಂದರೆ 3 ನಾಟಿಕಲ್ ಮೈಲಿಗಿಂತ ಸ್ವಲ್ಪ ಜಾಸ್ತಿ. 8 ನಾಟ್, ಅಂದರೆ ಗಂಟೆಗೆ 8 ನಾಟಿಕಲ್ ಮೈಲಿ ಓಡುವ ಬೋಟಿಗೆ 25 ನಿಮಿಷ ಸಾಕು. ಆದರೆ ಜನ ತುಂಬುವವರೆಗೆ ಬೋಟು ಬಿಡುವುದಿಲ್ಲ. ಭಾನುವಾರ ಬೇಗ ತುಂಬುತ್ತದೆ, ವಾರದ ನಡುವೆ ಕಾಯಬೇಕಾಗುತ್ತದೆ.

ಧಕ್ಕೆ ಬದಿ:
ಬಂದರೋ ಬೀಚೋ ಎಂದು ಕೇಳಿದ್ದೀರಿ. ಗಂಟುನೋವು ಇದ್ದವರಿಗೆ ಬಂದರೇ ಆಗಬೇಕು, ಎರಡನೇ ಮಾತಿಲ್ಲ. ಧಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ನೀರು ಒಳಗಿನದ್ದು, ಬೋಟು ಕಟ್ಟಿ ನಿಲ್ಲಿಸಿರುತ್ತಾರೆ, ಬದಿಗೆ ಟಯರು ತೂಗಿರುತ್ತದೆ, ಕಾಲು ಒದ್ದೆಯಾಗುವುದಿಲ್ಲ. ಬೀಚಿನಿಂದ ಬಿಡುವುದು ಸಣ್ಣ ಬೋಟು. ಮೊಣಕಾಲು ನೀರಿನಲ್ಲಿ ನಿಂತು, ತೆರೆ ಬಂದು ಹೋಗುವ ನಡುವೆ ಹತ್ತಬೇಕು. ಪ್ರಾಯದ ಮಕ್ಕಳಿಗೆ ಅದು ಆಟ, ಮೊಣಗಂಟು ಮಡಚಲು ಆಗದವರಿಗೆ ಕಷ್ಟ.

ಬಂದರಿನ ದಾರಿಯಲ್ಲಿ ಗಮನಿಸಬೇಕಾದ್ದು ಅಳಿವೆ ಬಾಗಿಲು. ಹೊಳೆ ಕಡಲು ಸೇರುವ ಬಾಯಿ ಅದು. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ತೆರೆ ಒಳಗೆ ಬರುತ್ತದೆ. ಎರಡೂ ಎದುರಾದಲ್ಲಿ ತೆರೆ ಕುಗ್ಗಿ, ಎದ್ದು, ಒಡೆಯುತ್ತದೆ. ಹೊರಗೆ ಕಡಲು ಸುಮ್ಮನಿದ್ದರೂ ಆ ಐದು ನಿಮಿಷ ಬೋಟು ಕುಣಿಯುವುದು ಅದಕ್ಕೇ. ಅದು ದಾಟಿದ ಮೇಲೆ ಸರಿಹೋಗುತ್ತದೆ, ಹೆದರಿ ಎದ್ದು ನಿಲ್ಲಬೇಡಿ. ಮೀನಿನ ಬೋಟುಗಳೂ ಅದೇ ಬಾಗಿಲಿನಿಂದ ಬಂದುಹೋಗಬೇಕು. ಟ್ರಾಲ್ ಬೋಟು ಪಕ್ಕದಲ್ಲಿ ಹಾದರೆ ಅದರ ತೆರೆಗೆ ನಿಮ್ಮ ಬೋಟು ಎರಡು ಸಲ ವಾಲುತ್ತದೆ. ಬದಿಯ ಕಂಬಿಯ ಹೊರಗೆ ಕೈ ಇಡಬಾರದು.

ಟಿಕೆಟ್ ತೆಗೆಯುವ ಮೊದಲು ಒಂದು ಕೆಲಸ ಮಾಡಿ. 2018ರಲ್ಲಿ ಶುರುವಾದ ಸೀ ವಾಕ್, ಅಂದರೆ ಕಡಲಿನತ್ತ ಚಾಚಿದ ನಡೆದಾರಿ, ಇರುವುದು ಇದೇ ಅಳಿವೆಯ ತಡೆಗೋಡೆಯ ಮೇಲೆ. ತುದಿಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ಬಾಗಿಲಿನ ಅಡ್ಡಕ್ಕೂ ಬಿಳಿ ನೊರೆ ಒಡೆಯುತ್ತಿದ್ದರೆ ಆ ದಿನ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬೇಡಿ. ಬೀಚಿನ ಗೋಳಿಬಜೆ ತಿಂದು ಬನ್ನಿ, ದ್ವೀಪ ಮುಂದಿನ ವಾರವೂ ಅಲ್ಲೇ ಇರುತ್ತದೆ.

ತಿಥಿ ನೋಡುವವ:
ಗಾಳಿ ಸರಿ. ನೀರನ್ನೂ ನೋಡಬೇಕು ಮಾರಾಯ್ರೆ. ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ವ್ಯತ್ಯಾಸ ಅಮಾವಾಸ್ಯೆ ಹುಣ್ಣಿಮೆಗಳಲ್ಲೂ ಒಂದೂವರೆ ಮೀಟರಿನ ಆಸುಪಾಸು. ಗುಜರಾತಿನ ಖಂಬಾತದಲ್ಲಿ 10 ಮೀಟರಿನ ತನಕ ಏರಿಳಿಯುತ್ತದಂತೆ, ಅದರ ಎದುರು ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ದ್ವೀಪದ ಸುತ್ತ ಕಲ್ಲು ನೀರಿನಡಿ ಬಹಳ ದೂರದವರೆಗೆ ಹರಡಿದೆ. ತುಂಬಿದ ಬೋಟಿನ ತಳ ನೀರಿನೊಳಗೆ ಒಂದು ಮೀಟರಿನಷ್ಟು ಇಳಿದಿರುತ್ತದೆ. ಅಂಥಲ್ಲಿ ಒಂದು ಮೀಟರ್ ನೀರು ಕಡಿಮೆಯಾದರೆ ಬೋಟು ದೂರವೇ ನಿಲ್ಲಬೇಕು.

ಲೆಕ್ಕ ಸುಲಭ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಮತ್ತೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಪ್ರತಿದಿನ ನೀರಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ತಿಥಿಗೆ ಎರಡು ಗಳಿಗೆ ಎಂದು ಹಿಡಿದರೆ 48 ನಿಮಿಷ, ಹೆಚ್ಚುಕಡಿಮೆ ಅದೇ ಲೆಕ್ಕ. ಭರತ ಇಳಿತದ ಹೊತ್ತಿನ ಪಟ್ಟಿಯಲ್ಲಿ ಶುಕ್ರವಾರದ ಭರತ ಬೆಳಿಗ್ಗೆ 9ಕ್ಕೆ ಅಂತ ಇದ್ದರೆ ಭಾನುವಾರ 10:40ರ ಆಸುಪಾಸು. ಎರಡು ಭರತಗಳೂ ಒಂದೇ ಎತ್ತರ ಇರುವುದಿಲ್ಲ, ನಮ್ಮಲ್ಲಿ ಒಂದು ದೊಡ್ಡದು ಒಂದು ಸಣ್ಣದು. ಅಷ್ಟಮಿಯ ಹತ್ತಿರದ ದಿನಗಳಲ್ಲಿ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ವಯಸ್ಸಾದವರನ್ನು ಕರೆದುಕೊಂಡು ಹೋಗಲು ಅಂಥ ಭಾನುವಾರ ಹುಡುಕಿ.

ಕಲ್ಲುಕಂಬ:
ತಿಥಿಯವರೇ, ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಭರತದಲ್ಲಿ ಹೋದರೆ ಇಳಿಯುವುದು ಸುಲಭ, ಖರೆ. ಆದರೆ ದ್ವೀಪಕ್ಕೆ ಹೋಗುವುದೇ ಕಲ್ಲಿನ ಕಂಬ ನೋಡಲು. ಭರತದಲ್ಲಿ ಕೆಳಗಿನ ಸಾಲು ಮುಳುಗಿರುತ್ತದೆ, ಮೇಲಿನ ತಲೆ ಮಾತ್ರ ಕಾಣುತ್ತದೆ. ಜೇನುಗೂಡಿನ ಹಾಗೆ ಜೋಡಿಸಿದ ನೆಲ ಕಾಣಬೇಕಾದರೆ ಇಳಿತವೇ ಬೇಕು.

ತಿಥಿ ನೋಡುವವ:
ಕಂಬ ಕಾಣುವುದು ಇಳಿತದಲ್ಲಿ, ಒಪ್ಪಿದೆ. ಆದರೆ ಈ ಮನೆಯವರಿಗೆ ಕಂಬಕ್ಕಿಂತ ಗಂಟು ಮುಖ್ಯ. ನಡುದಾರಿ ಹೀಗೆ: ಭರತ ಕಳೆದು ಒಂದು ಗಂಟೆಯೊಳಗೆ ಇಳಿಯುವ ಹಾಗೆ ಹೋಗಿ. ಇಳಿಯುವಾಗ ನೀರು ಸಾಕಷ್ಟು ಇರುತ್ತದೆ. ದ್ವೀಪದಲ್ಲಿರುವ ಎರಡು ಗಂಟೆಯಲ್ಲಿ ನೀರು ಮೆಲ್ಲ ಇಳಿದು ಕಲ್ಲು ಬಿಡಿಸಿಕೊಳ್ಳುತ್ತದೆ. ವಾಪಸು ಹತ್ತುವಾಗಲೂ ನೀರು ಪೂರ್ತಿ ಇಳಿದಿರುವುದಿಲ್ಲ. ಹಾಗೆ ಹೊತ್ತು ಸರಿಹೊಂದುವ ದಿನ ತಿಂಗಳಿಗೆ ನಾಲ್ಕೈದು ಸಿಗುತ್ತದೆ.

ಕಲ್ಲುಕಂಬ:
ಇದಕ್ಕೆ ಒಪ್ಪಿಗೆ.

ಈಗ ಮಕ್ಕಳ ಪ್ರಶ್ನೆಗೆ. ಬಾಯಿ ಎಲ್ಲೂ ಇಲ್ಲ. ಇದು ಜ್ವಾಲಾಮುಖಿಯ ಬೆಟ್ಟ ಅಲ್ಲ, ಉಕ್ಕಿ ಬಂದ ಲಾವಾ ತಣಿದು ಉಳಿದ ಕಲ್ಲು. ವಯಸ್ಸು ಒಂಬತ್ತು ಕೋಟಿ ವರ್ಷದ ಹತ್ತಿರ. ಆಗ ಮಡಗಾಸ್ಕರ್ ನಮ್ಮ ಈ ಪಡುಕರಾವಳಿಗೆ ಅಂಟಿಕೊಂಡಿತ್ತು. ಅದು ಬಿರಿದು ಬೇರೆಯಾಗುವ ಕಾಲದಲ್ಲಿ ಉಕ್ಕಿದ್ದು ಇದು. ತುಂಬ ಕಡೆ ಇದನ್ನು ದಖನ್ನಿನ ಕಪ್ಪುಕಲ್ಲು, ಬಸಾಲ್ಟ್ ಎಂದು ಬರೆಯುತ್ತಾರೆ, ಅದು ತಪ್ಪು. ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು, ಇದು ಅದಕ್ಕಿಂತ ಹಳೆಯದು. ಕಲ್ಲಿನ ಜಾತಿಯೂ ಬೇರೆ: ರಯೋಲೈಟ್, ಡೇಸೈಟ್ ಕಡೆಯದು, ಸಿಲಿಕಾ ಹೆಚ್ಚು. ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿರುವುದು ಬಸಾಲ್ಟ್ ಕಂಬ. ರಯೋಲೈಟ್ ಜಾತಿಯಲ್ಲಿ ಇಷ್ಟು ಚೆಂದ ಕಂಬ ಕಟ್ಟಿರುವುದು ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿರುವುದು ಈ ಕಾರಣಕ್ಕೆ.

ಆರು ಮೂಲೆ ಹೇಗೆ ಬಂತು ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಬೇಸಗೆಯಲ್ಲಿ ಕೆರೆಯ ಕೆಸರು ಬಿರಿದದ್ದನ್ನು ತೋರಿಸಿ. ಒಣಗುವಾಗ ಕೆಸರು ಕುಗ್ಗುತ್ತದೆ, ತಣಿಯುವಾಗ ಲಾವಾ ಕುಗ್ಗುತ್ತದೆ. ಎಲ್ಲ ಕಡೆ ಸಮನಾಗಿ ಎಳೆತ ಬಿದ್ದರೆ ಒಂದು ಬಿಂದುವಿನಿಂದ ಮೂರು ಬಿರುಕು 120 ಡಿಗ್ರಿ ಕೋನದಲ್ಲಿ ಹೊರಡುತ್ತವೆ. ಅಂಥ ಬಿರುಕುಗಳು ಕೂಡಿದರೆ ಆರು ಬದಿ. ಬಿರುಕು ಮೇಲಿನಿಂದ ಒಳಗೆ ಇಳಿದಂತೆ ಕಂಬ ಉದ್ದವಾಗುತ್ತದೆ. ಸ್ವಲ್ಪ ಹೊಯ್ದಾಡಿದಲ್ಲಿ ಐದು, ಏಳು ಬದಿಯೂ ಸಿಗುತ್ತದೆ. ಎಣಿಸಲು ಹೇಳಿ, ಅರ್ಧ ಗಂಟೆ ಒಂದೇ ಕಡೆ ಕೂತು ಎಣಿಸುತ್ತಾರೆ. ಕಲ್ಲಿನ ಚೂರನ್ನಾಗಲಿ ಚಿಪ್ಪನ್ನಾಗಲಿ ಜೇಬಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ಬಾಯಿ ಇದ್ದು ಹೊಗೆಯಾಡುವ ದ್ವೀಪ ನಮ್ಮ ದೇಶದಲ್ಲಿ ಉಂಟು, ಅಂಡಮಾನಿನ ಬ್ಯಾರನ್. ಅದನ್ನು ಹಡಗಿನಿಂದ ದೂರದಲ್ಲಿ ನಿಂತು ನೋಡಬೇಕು. ಕಾಲಿಟ್ಟು ನಡೆಯಬಹುದಾದ ಹಳೆಯ ಲಾವಾ ಉಡುಪಿಯಿಂದ ಇಷ್ಟು ಹತ್ತಿರ ಇರುವುದು ದೊಡ್ಡ ಭಾಗ್ಯ.

ತಾಂಡೇಲ ಮನೆ:
ಎಲ್ಲರೂ ಕಡಲಿಗೆ ಹೆದರುತ್ತಾರೆ. ಪೆಟ್ಟಾಗುವುದು ಹೆಚ್ಚಾಗಿ ಕಡಲಿನ ನಡುವೆ ಅಲ್ಲ, ಹತ್ತುವಾಗ ಇಳಿಯುವಾಗ. ಇದನ್ನು ಮನೆಯವರಿಗೆ ಹೊರಡುವ ಮೊದಲೇ ಹೇಳಿ ತಯಾರು ಮಾಡಿ.

ದೊಡ್ಡ ಬೋಟು ಕಲ್ಲಿನ ಹತ್ತಿರ ಹೋಗಲು ಆಗದಾಗ ಸಣ್ಣ ದೋಣಿಗೆ ಬದಲಿಸುತ್ತಾರೆ. ಎರಡೂ ತೇಲುವಂಥವು, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಸಣ್ಣ ದೋಣಿ ಮೇಲೆ ಬಂದು ಎರಡರ ಅಂಚೂ ಸಮವಾಗಿ ಒಂದು ಕ್ಷಣ ನಿಲ್ಲುತ್ತದೆ, ಆಗ ಕಾಲಿಡಬೇಕು. ಅದು ಕೆಳಗೆ ಹೋಗುತ್ತಿರುವಾಗ ಹಾರಿದರೆ ಅರ್ಧ ಮೀಟರ್ ಹೆಚ್ಚು ಬಿದ್ದ ಹಾಗೆ, ಗಂಟು ಮುರಿಯುವುದು ಅಲ್ಲೇ. ಹಾರಬಾರದು, ಒಂದು ಹೆಜ್ಜೆ ಇಡಬೇಕು. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟು ಯೋಚಿಸುತ್ತ ನಿಲ್ಲಲೂಬಾರದು, ಬೋಟು ಬಿಚ್ಚಿಕೊಂಡರೆ ನಡುವೆ ಬೀಳುತ್ತೀರಿ. ಎರಡು ಬೋಟಿನ ಅಂಚಿನ ನಡುವೆ ಬೆರಳು ಇಡುವುದು ಎಲ್ಲಕ್ಕಿಂತ ಅಪಾಯ.

ಚೀಲ ಮೊದಲು ದಾಟಿಸಿ, ಕೈ ಎರಡೂ ಖಾಲಿ ಇರಲಿ. ಮೊಬೈಲು ಕೈಯಲ್ಲಿ ಬೇಡ. ಕಲಾಸಿ, ಅಂದರೆ ಬೋಟಿನ ಕೆಲಸದ ಆಳು, ಕೈ ಕೊಟ್ಟರೆ ಅಂಗೈ ಹಿಡಿಯಬೇಡಿ, ಅವನ ಮಣಿಕಟ್ಟು ಹಿಡಿಯಿರಿ, ಅವನು ನಿಮ್ಮ ಮಣಿಕಟ್ಟು ಹಿಡಿಯಲಿ. ಒದ್ದೆ ಅಂಗೈ ಜಾರುತ್ತದೆ. ಅಮ್ಮನನ್ನು ಎಲ್ಲರಿಗಿಂತ ಮೊದಲೂ ಬೇಡ, ಕೊನೆಗೂ ಬೇಡ. ಮನೆಯ ಒಬ್ಬ ಗಟ್ಟಿ ಆಳು ಮೊದಲು ಆಚೆ ದಾಟಲಿ, ಆಮೇಲೆ ಅಮ್ಮ, ಹಿಂದೆ ಇನ್ನೊಬ್ಬರು. ನೋವಿಲ್ಲದ ಕಾಲು ಮೊದಲು ಇಡಲಿ. ಹುಡುಗನನ್ನು ಎತ್ತಿಕೊಂಡು ದಾಟಬಾರದು. ಕಲಾಸಿಯ ಕೈಗೆ ಕೊಟ್ಟು ನೀವು ಬೇರೆಯಾಗಿ ದಾಟಿ. ಸೀರೆಯಾದರೆ ನೆರಿಗೆ ಎತ್ತಿ ಸಿಕ್ಕಿಸಬೇಕು. ಚೂಡಿದಾರ ಉತ್ತಮ.

ನಿಧಾನ ಮಾಡಿ ಎಂದು ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಬಾಯಿಬಿಟ್ಟು ಹೇಳಿ: "ಅಣ್ಣ, ಇವರಿಗೆ ಗಂಟುನೋವು ಉಂಟು". ನಾಚಿಕೆ ಪಡಬೇಡಿ. ಗೊತ್ತಿದ್ದರೆ ದೋಣಿಯನ್ನು ಗಟ್ಟಿಯಾಗಿ ಎಳೆದು ಹಿಡಿಯುತ್ತಾರೆ.

ಎಲ್ಲರೂ ಒಂದೇ ಬದಿಗೆ ಎದ್ದು ಫೋಟೊ ತೆಗೆಯುವುದು ಬೋಟು ವಾಲಲು ದೊಡ್ಡ ಕಾರಣ. ಎಷ್ಟು ಜನ ಎಂದು ಬೋಟಿನ ಮೇಲೆ ಬರೆದಿರುತ್ತದೆ, ಎಣಿಸಿ. ಹೆಚ್ಚಿದ್ದರೆ ಇಳಿದು ಮುಂದಿನದಕ್ಕೆ ಕಾಯಿರಿ.

ಬ್ರಹ್ಮಗಿರಿ ಅಕ್ಕ:
ಲೈಫ್ ಜಾಕೆಟ್ ಬಗ್ಗೆ ಯಾರೂ ಬರೆದಿಲ್ಲ. ಬೋಟಿನಲ್ಲಿ ಕೂತ ಮೇಲೆ ಅಲ್ಲ, ಧಕ್ಕೆಯಲ್ಲೇ ಹಾಕಿಕೊಳ್ಳಬೇಕು. ಎಷ್ಟು ಕಿಲೋ ತೂಕದವರಿಗೆ ಎಂದು ಒಳಗೆ ಅಚ್ಚಾಗಿರುತ್ತದೆ. ಐದು ವರ್ಷದ ಮಗುವಿಗೆ ದೊಡ್ಡವರ ಜಾಕೆಟ್ ಕಟ್ಟಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ಪರೀಕ್ಷೆ ಹೀಗೆ: ಎಲ್ಲ ಪಟ್ಟಿ ಬಿಗಿದ ಮೇಲೆ ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯ ತನಕ ಬಂದರೆ ಆ ಅಳತೆ ಆಗುವುದಿಲ್ಲ. ಮಕ್ಕಳದ್ದರಲ್ಲಿ ತೊಡೆಯ ಸಂದಿಯಿಂದ ಬರುವ ಪಟ್ಟಿ ಇದ್ದರೆ ಅದನ್ನೂ ಹಾಕಬೇಕು. ಸಣ್ಣ ಅಳತೆ ಇಲ್ಲ ಎಂದರೆ ಹತ್ತಬೇಡಿ, ಬೇರೆ ಬೋಟು ಕೇಳಿ. ಜಾಕೆಟನ್ನು ಕುಶನ್ ಮಾಡಿ ಕೂರುವವರಿದ್ದಾರೆ. ಹಾಗೆ ಕೂತು ಕೂತು ಒಳಗಿನ ಫೋಮ್ ಚಪ್ಪಟೆಯಾದರೆ ಅದು ತೇಲಿಸುವುದಿಲ್ಲ.

ಇನ್ನು ವಾಂತಿ. ಮಾತ್ರೆ ತಗೊಳ್ಳುವುದಾದರೆ ಬೋಟು ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವೊಮಿನ್‌ನಂಥ ಮಾತ್ರೆಗೆ ನಿದ್ದೆ ಬರುತ್ತದೆ, ತಗೊಂಡವರು ಕಾರು ಓಡಿಸಬಾರದು. ಮಗುವಿಗೂ, ಬಿ.ಪಿ. ಮಾತ್ರೆ ನುಂಗುವ ಹಿರಿಯರಿಗೂ ವೈದ್ಯರನ್ನು ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆಯಲ್ಲಿ ಹೋಗುವುದು ತಪ್ಪು, ಬನ್ಸ್ ಕುರ್ಮಾ ಹೊಡೆದು ಹೋಗುವುದೂ ತಪ್ಪು. ಎರಡು ಇಡ್ಲಿ ಸಾಕು. ಕೂರುವ ಜಾಗ ಬೋಟಿನ ನಡು, ಅಲ್ಲಿ ಏರಿಳಿತ ಕಡಿಮೆ. ಹಿಂದೆ ಇಂಜಿನ್ನಿನ ಡೀಸೆಲ್ ಹೊಗೆ ಮೂಗಿಗೆ ಬರುತ್ತದೆ. ಕಣ್ಣು ದೂರದ ಕಡಲಗೆರೆಯ ಮೇಲಿರಲಿ, ಮೊಬೈಲಿನ ಮೇಲೆ ಬೇಡ. ಬೋಟು ಅಲುಗುವುದನ್ನು ಕಿವಿಯೊಳಗಿನ ಸಮತೋಲದ ಅಂಗ ಹೇಳುತ್ತದೆ, ಕಣ್ಣು ನಿಂತಿದೆ ಎನ್ನುತ್ತದೆ. ಆ ಜಗಳವೇ ವಾಂತಿ.

ಸರ್ವಿಸ್ ಬಸ್‌ಸ್ಟ್ಯಾಂಡ್:
ಮಂಗಳೂರಿನಿಂದ ಬರುವುದಕ್ಕೆ: ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ಸು, ಉಡುಪಿಗೆ ಸುಮಾರು 60 ಕಿ.ಮೀ., ಒಂದೂವರೆ ಗಂಟೆ ಹಿಡಿಯಿರಿ. ಉಡುಪಿಯಲ್ಲಿ ಸಿಟಿ ಬಸ್ ನಿಲ್ದಾಣಕ್ಕೆ ನಡೆದರೆ ಮಲ್ಪೆ ಬಸ್ಸು ಬೆನ್ನು ಬೆನ್ನಿಗೆ ಉಂಟು. ಆದಿಉಡುಪಿ, ಕಲ್ಮಾಡಿ ದಾಟಿದರೆ ಮಲ್ಪೆ, ಆರು ಕಿ.ಮೀ. ರೈಲಿನಲ್ಲಿ ಬರುವುದಾದರೆ ನಿಲ್ದಾಣ ಇಂದ್ರಾಳಿಯಲ್ಲಿ, ಅದು ಪೇಟೆಯ ಮೂಡು ಬದಿಗೆ. ಮಲ್ಪೆ ಪಡುವಿಗೆ. ಆರು ಜನಕ್ಕೆ ಎರಡು ರಿಕ್ಷಾ ಬೇಕಾಗುತ್ತದೆ. ಕಾರಿನಲ್ಲಾದರೆ ಕರಾವಳಿ ಬೈಪಾಸಿನಲ್ಲಿ ಎಡಕ್ಕೆ. ಭಾನುವಾರ ಹತ್ತು ಗಂಟೆ ದಾಟಿದ ಮೇಲೆ ಕಲ್ಮಾಡಿಯಿಂದ ಮುಂದೆ ಗಾಡಿ ಹಂದುವುದಿಲ್ಲ. ಬೇಗ ಬರಲು ಅದೂ ಒಂದು ಕಾರಣ.

ಪಡುಗಾಳಿ:
ಜನವರಿ ಎಂದು ಹೇಳಿದ್ದೀರಿ, ಸರಿ. ಆದರೆ ಈ ಮಾತುಕತೆಯನ್ನು ಏಪ್ರಿಲಿನಲ್ಲಿ ಓದುವವರೂ ಇರುತ್ತಾರೆ, ಅವರಿಗೆ ಒಂದು ಎಚ್ಚರಿಕೆ. ಬೇಸಗೆಯಲ್ಲಿ ಕೆಲವೊಮ್ಮೆ ಗಾಳಿ ಒಂದು ಚೂರೂ ಇಲ್ಲದೆ ದೊಡ್ಡ ತೆರೆ ಬರುತ್ತದೆ. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಹಿಂದೂ ಮಹಾಸಾಗರದ ತೆಂಕು ತುದಿಯ ಬಿರುಗಾಳಿಯಲ್ಲಿ ಎದ್ದ ಅಲೆ ಸಾವಿರಾರು ಕಿಲೋಮೀಟರ್ ನಡೆದು ಇಲ್ಲಿ ಮುಟ್ಟುವುದು. ಒಂದು ತೆರೆಗೂ ಇನ್ನೊಂದಕ್ಕೂ 16ರಿಂದ 20 ಸೆಕೆಂಡು ಬಿಡುವು. ದೂರದಿಂದ ನೋಡಿದರೆ ಕಡಲು ಶಾಂತ, ಕಲ್ಲಿನ ಹತ್ತಿರ ಬಂದಾಗ ನೀರು ಒಮ್ಮೆಲೇ ಏರಿ ನಿಂತವರನ್ನು ಎಳೆಯುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಹಿಂದಿನ ದಿನ ಸಂಜೆ ಅದನ್ನೂ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ ನೋಡಿ.

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ದ್ವೀಪಕ್ಕೆ ಬೋಟು ಇಲ್ಲ. ಮಳೆಗಾಲದ ಕಡಲಿಗೆ ಯಾರೂ ಬಿಡುವುದಿಲ್ಲ, ಬಿಡುತ್ತೇನೆ ಎಂದವರ ಜೊತೆ ಹೋಗಬೇಡಿ. ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದರೆ ಎರಡು ಮೂರು ದಿನ ನಿಲ್ಲಿಸುವುದೂ ಉಂಟು.

ಕಾಪಿಕಾಡ್ 6ನೇ ಅಡ್ಡರಸ್ತೆ:
ಎಲ್ಲರಿಗೂ ತುಂಬ ಉಪಕಾರ. ಬಂದರಿನಿಂದ, ಮೊದಲ ಬೋಟಿಗೆ ಎಂದು ನಿರ್ಧಾರ ಆಯಿತು. ದ್ವೀಪದ ಮೇಲೆ ಅಮ್ಮ ಎಷ್ಟು ನಡೆಯಬೇಕಾಗುತ್ತದೆ? ಹುಡುಗನನ್ನು ನೀರಿಗೆ ಬಿಡಬಹುದಾ?

ತಾಂಡೇಲ ಮನೆ:
ಬೋಟು ಹೋಗುವ ದ್ವೀಪ ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರಿನಷ್ಟು ಅಗಲ. ಮೂಡು ಬದಿ ದಡದ ಕಡೆಗೆ, ಮರೆ ಉಂಟು. ಪಡು ಬದಿ ಬಯಲು ಕಡಲಿಗೆ ಒಡ್ಡಿಕೊಂಡದ್ದು. ಅಮ್ಮ ತೆಂಗಿನ ಮರದ ನೆರಳಲ್ಲಿ ಕೂತರೆ ಅಲ್ಲಿಂದಲೇ ಕಂಬಗಳ ಒಂದು ಸಾಲು ನೋಡಬಹುದು, ಪೂರ್ತಿ ಸುತ್ತಬೇಕಾಗಿಲ್ಲ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು, ಹವಾಯಿ ಚಪ್ಪಲಿ ಬೇಡ. ಕಪ್ಪಾಗಿ ಒಣಗಿದ ಕಲ್ಲು ಕಾಲಿಗೆ ಹಿಡಿಯುತ್ತದೆ, ಹಸಿರು ಪಾಚಿಯದ್ದು ಸೋಪಿನ ಹಾಗೆ ಜಾರುತ್ತದೆ. ನೀರಿನಂಚಿನ ಕಲ್ಲಿಗೆ ಅಂಟಿದ ಚಿಪ್ಪು ಕತ್ತಿಯ ಹಾಗೆ ಕೊಯ್ಯುತ್ತದೆ.

ಹುಡುಗನನ್ನು ಪಡು ಬದಿಯ ನೀರಿಗೆ ಖಂಡಿತ ಬಿಡಬೇಡಿ. ಕಂಬಗಳ ನಡುವಿನ ಸಂದಿಯಲ್ಲಿ ನೀರು ನುಗ್ಗಿ ವಾಪಸು ಎಳೆಯುತ್ತದೆ, ಈಜು ಬಲ್ಲವರಿಗೂ ಹಿಡಿಯಲು ಜಾಗ ಇರುವುದಿಲ್ಲ. ಕಾವಲಿನವರು ಹಗ್ಗ ಕಟ್ಟಿದ ಅಥವಾ ತೋರಿಸಿದ ಕಡೆ ಮಾತ್ರ, ಮೊಣಕಾಲಿನ ತನಕ, ಕೈ ಹಿಡಿದುಕೊಂಡು. ತೆರೆಗೆ ಬೆನ್ನು ಕೊಟ್ಟು ಫೋಟೊಗೆ ನಿಲ್ಲಬಾರದು.

ಬ್ರಹ್ಮಗಿರಿ ಅಕ್ಕ:
ಕುಡಿಯುವ ನೀರು ತಲೆಗೆ ಒಂದು ಲೀಟರ್ ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ, ಮಗುವಿಗೆ ಒಂದು ಜೊತೆ ಒಣ ಬಟ್ಟೆ, ಎಲ್ಲರಿಗೂ ಟೊಪ್ಪಿ. ಶೌಚಕ್ಕೆ ಮಲ್ಪೆಯಲ್ಲೇ ಹೋಗಿ ಹತ್ತಿ, ಅಮ್ಮನಿಗೆ ಅದು ನೆಮ್ಮದಿ. ಚಿಪ್ಸಿನ ತೊಟ್ಟೆ ಒಯ್ಯಬೇಡಿ. ದ್ವೀಪದಲ್ಲಿ ಗಾಳಿಗೆ ಹಾರಿದ ತೊಟ್ಟೆ ಮತ್ತೆ ಕೈಗೆ ಸಿಗುವುದಿಲ್ಲ, ನೇರ ಕಡಲಿಗೆ.

ಧಕ್ಕೆ ಬದಿ:
ಕೊನೆಗೆ ಎರಡು ವಿಷಯ. ಟಿಕೆಟ್ ತೆಗೆಯುವಾಗಲೇ ವಾಪಸು ಬೋಟು ಎಷ್ಟು ಗಂಟೆಗೆ, ಅದೇ ಬೋಟಾ ಬೇರೆಯಾ ಎಂದು ಕೇಳಿ, ಟಿಕೆಟಿನ ತುಂಡು ಜೋಪಾನ ಮಾಡಿ. ಮತ್ತೆ ಈ ನಂಬ್ರಗಳನ್ನು ಆರೂ ಜನರ ಮೊಬೈಲಿಗೆ ಹಾಕಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಉಳಿದದ್ದಕ್ಕೆ 112. ಕರೆ ಮಾಡಿದಾಗ "ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದಾರಿ" ಎಂದಷ್ಟೇ ಹೇಳಿದರೆ ಸಾಲದು. ಬೋಟಿನ ಹೆಸರು ಮತ್ತು ಮೂತಿಯ ಬದಿಗೆ ಬರೆದ ನೋಂದಣಿ ನಂಬ್ರ ಹೇಳಬೇಕಾಗುತ್ತದೆ. ಹತ್ತುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ.